ಪ್ಯಾಟ್ ಸಮಿಟ್ ಗೆದ್ದಿದ್ದು ಕೋಚಿಂಗ್‌ನಿಂದಲಾ, ಒಳ್ಳೆ ಆಟಗಾರ್ತಿಯರು ಸಿಕ್ಕಿದ್ದಕ್ಕಾ?

ಪೀಟಿ ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡ ನೋಡಿಕೊಳ್ಳುತ್ತೇನೆ. ಮೊನ್ನೆ ಸ್ಟಾಫ್ ರೂಮಿನಲ್ಲಿ ವಾದ ಶುರುವಾಯಿತು. ಅಮೆರಿಕದ ಟೆನ್ನೆಸ್ಸಿ ಯೂನಿವರ್ಸಿಟಿಯ ಮಹಿಳಾ ತಂಡಕ್ಕೆ 38 ಸೀಸನ್ ಕೋಚ್ ಆಗಿದ್ದ ಪ್ಯಾಟ್ ಸಮಿಟ್ 1,098 ಪಂದ್ಯ ಗೆದ್ದರು, ಸೋತದ್ದು ಬರೀ 208, ಎಂಟು ಸಲ ರಾಷ್ಟ್ರೀಯ ಚಾಂಪಿಯನ್ ಅಂತ ನಾನು ಹೇಳಿದೆ. ನಮ್ಮ ಗಣಿತದ ಮೇಷ್ಟ್ರು ಸೊಪ್ಪು ಹಾಕಲಿಲ್ಲ. "ದೇಶದಲ್ಲಿರೋ ಒಳ್ಳೊಳ್ಳೆ ಹುಡುಗಿಯರೆಲ್ಲ ಒಂದೇ ಕಾಲೇಜಿಗೆ ಹೋಗಿ ಸೇರಿದರೆ ನಾನೂ ಗೆಲ್ಲಿಸ್ತೀನಿ ಬಿಡಿ" ಎಂದರು. ಎಲ್ಲರೂ ನಕ್ಕರು, ನನಗೆ ಉತ್ತರ ಹೊಳೆಯಲಿಲ್ಲ. ಅವರ ತಂಡದ ಆಟ ಕಣ್ಣಾರೆ ನೋಡಿದವರು ಯಾರಾದರೂ ಇದ್ದೀರಾ?

ಥ್ರೀ ಪಾಯಿಂಟರ್:
ನಿಮ್ಮ ಗಣಿತದ ಮೇಷ್ಟ್ರ ಮಾತು ಪೂರ್ತಿ ತಪ್ಪಲ್ಲ ಸರ್. ಶಮೀಕ್ವಾ ಹೋಲ್ಡ್ಸ್‌ಕ್ಲಾ, ಟಮೀಕಾ ಕ್ಯಾಚಿಂಗ್ಸ್, ಕ್ಯಾಂಡೇಸ್ ಪಾರ್ಕರ್. ಇಂಥ ಆಟಗಾರ್ತಿಯರು ಕೈಯಲ್ಲಿದ್ದರೆ ಅರ್ಧ ಕೆಲಸ ಆದ ಹಾಗೇ. 1997-98ರಲ್ಲಿ 39 ಪಂದ್ಯ ಆಡಿ 39ನ್ನೂ ಗೆದ್ದರು, ಆ ತಂಡ ನೋಡಿದರೆ ಸೋಲುವುದೇ ಕಷ್ಟ ಅನಿಸುತ್ತದೆ. ಇನ್ನು ಸಾರ್ವಕಾಲಿಕ ಶ್ರೇಷ್ಠ ಅನ್ನೋದಾದರೆ ಕನೆಕ್ಟಿಕಟ್ ಯೂನಿವರ್ಸಿಟಿಯ ಕೋಚ್ ಜೀನೋ ಔರಿಯೆಮಾ ಹೆಸರು ಮೊದಲು ಬರಬೇಕು. 2025ಕ್ಕೆ ಅವರದು 12 ಪ್ರಶಸ್ತಿ ಆಯಿತು.

ನಾಕ್ಸ್‌ವಿಲ್ ಅಕ್ಕ:
ಮೇಷ್ಟ್ರೇ, ನಾನು ನೋಡಿದ್ದೇನೆ. ಎಂ.ಎಸ್. ಓದಲು ಟೆನ್ನೆಸ್ಸಿ ಯೂನಿವರ್ಸಿಟಿ ಇರುವ ನಾಕ್ಸ್‌ವಿಲ್‌ಗೆ ಹೋಗಿದ್ದಾಗ ಪಾರ್ಕರ್ ಅಲ್ಲಿ ಆಡುತ್ತಿದ್ದಳು, 2007 ಮತ್ತು 2008ರ ಪ್ರಶಸ್ತಿ ಬಂದ ಕಾಲ. ಊರಿಗೆ ಊರೇ ಕಿತ್ತಳೆ ಬಣ್ಣದ ಅಂಗಿ ಹಾಕಿಕೊಂಡು ಬರುತ್ತಿತ್ತು. ನಾವು ಥಾಂಪ್ಸನ್-ಬೋಲಿಂಗ್ ಅರೀನಾದ ತೀರಾ ಮೇಲಿನ ಸಾಲಲ್ಲಿ ಕೂತು ಆಟಕ್ಕಿಂತ ಜಾಸ್ತಿ ಸಮಿಟ್ ಅವರನ್ನೇ ನೋಡುತ್ತಿದ್ದೆವು. ಹುಡುಗಿ ಒಂದು ತಪ್ಪು ಪಾಸ್ ಕೊಟ್ಟಳು ಅಂದುಕೊಳ್ಳಿ. ಸಮಿಟ್ ಕೂಗುವುದಿಲ್ಲ. ಎರಡು ಹೆಜ್ಜೆ ಮುಂದೆ ಬಂದು ಸೊಂಟದ ಮೇಲೆ ಕೈಯಿಟ್ಟು ನೋಡುತ್ತಾರೆ, ಅಷ್ಟೇ. ಆ ನೋಟ ಅಮೆರಿಕದಲ್ಲೆಲ್ಲ ಹೆಸರುವಾಸಿ. ನನ್ನ ಪಕ್ಕದಲ್ಲಿದ್ದ ಬಿಹಾರದ ಹುಡುಗ ಸುಮ್ನೆ ಪಾಪ್‌ಕಾರ್ನ್ ಕೆಳಗಿಟ್ಟು ನೆಟ್ಟಗೆ ಕೂತಿದ್ದ!

ಈಗ ವಾದಕ್ಕೆ ಬರೋಣ. "ಒಳ್ಳೆಯವರೆಲ್ಲ ಅಲ್ಲಿಗೇ ಹೋದರು" ಅಂದರಲ್ಲ, ಯಾಕೆ ಹೋದರು? 1974ರಲ್ಲಿ ಅವರಿಗೆ ಕೆಲಸ ಸಿಕ್ಕಾಗ ಅಲ್ಲಿ ಏನೂ ಇರಲಿಲ್ಲ. ವಯಸ್ಸು 22. ಪಿ.ಜಿ. ಓದುತ್ತಾ ಸಹಾಯಕ ಕೋಚ್ ಆಗಿರೋಣ ಅಂತ ಬಂದವರು. ಇದ್ದ ಕೋಚ್ ರಜೆ ಹಾಕಿ ಹೋದರು, ಇವರೇ ಮುಖ್ಯ ಕೋಚ್ ಆದರು. ತಿಂಗಳಿಗೆ 250 ಡಾಲರ್. ತಂಡದ ವ್ಯಾನ್ ಓಡಿಸುವವರೂ ಇವರೇ, ಜರ್ಸಿ ಒಗೆಯುವವರೂ ಇವರೇ. ಆ ಜರ್ಸಿಗೆ ದುಡ್ಡು ಬಂದಿದ್ದು ಡೋನಟ್ ಮಾರಿ. ಕೆಲವು ಆಟಗಾರ್ತಿಯರಿಗೂ ಕೋಚಿಗೂ ಒಂದೇ ವರ್ಷದ ಅಂತರ. ಮೊದಲ ಪಂದ್ಯ ಮರ್ಸರ್ ಯೂನಿವರ್ಸಿಟಿ ಮೇಲೆ ಒಂದೇ ಪಾಯಿಂಟಿನಿಂದ ಸೋತರು, 84–83. ಸರ್ಕಾರದ ಹಣ ಪಡೆಯುವ ಕಾಲೇಜುಗಳು ಗಂಡು-ಹೆಣ್ಣು ಭೇದ ಮಾಡಬಾರದು ಅನ್ನೋ ಕಾನೂನು ಬಂದು ಆಗಿನ್ನೂ ಎರಡೇ ವರ್ಷ. ಕಾಗದದ ಮೇಲೆ ಕಾನೂನು, ಕೈಗೆ ದುಡ್ಡಿಲ್ಲ.

ಇದೆಲ್ಲದರ ನಡುವೆ ಅವರು ಇನ್ನೂ ಆಡುತ್ತಲೂ ಇದ್ದರು. ಆ ಕೆಲಸಕ್ಕೆ ಬರುವ ಮುಂಚೆ ಮೊಣಕಾಲಿನ ಲಿಗಮೆಂಟ್ ಹರಿದಿತ್ತು. ಅದನ್ನು ಸರಿ ಮಾಡಿಕೊಂಡು 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಆಡಿ ಬೆಳ್ಳಿ ತಂದರು. ಮಹಿಳೆಯರ ಬ್ಯಾಸ್ಕೆಟ್‌ಬಾಲ್ ಒಲಿಂಪಿಕ್ಸ್‌ಗೆ ಸೇರಿದ ಮೊದಲ ವರ್ಷ ಅದು. 1984ರಲ್ಲಿ ಅದೇ ದೇಶದ ತಂಡಕ್ಕೆ ಕೋಚ್ ಆಗಿ ಚಿನ್ನ. ಕಾಲೇಜಿನಲ್ಲಿ ಮಾತ್ರ ಮೊದಲ ರಾಷ್ಟ್ರೀಯ ಪ್ರಶಸ್ತಿ ಬಂದಿದ್ದು 1987ರಲ್ಲಿ. ಲೆಕ್ಕ ಹಾಕಿ, ಕೆಲಸ ಶುರು ಮಾಡಿ 13 ವರ್ಷ. ಒಳ್ಳೆಯವರು ತಾವಾಗೇ ಬಂದು ಗೆಲ್ಲಿಸಿದ್ದರೆ ಇಷ್ಟು ಹೊತ್ತು ಹಿಡಿಯುತ್ತಿತ್ತಾ?

ತಾವಾಗೇ ಬರುತ್ತಿದ್ದರು ಅನ್ನೋದಕ್ಕೆ ಇನ್ನೊಂದು ಉತ್ತರ. 1990ರ ಸೆಪ್ಟೆಂಬರ್. ಸಮಿಟ್ ತುಂಬು ಗರ್ಭಿಣಿ. ಮಿಶೆಲ್ ಮಾರ್ಸಿನಿಯಾಕ್ ಅನ್ನೋ ಹೈಸ್ಕೂಲ್ ಹುಡುಗಿಯನ್ನು ಒಪ್ಪಿಸಲು ಪೆನ್ಸಿಲ್ವೇನಿಯಾಕ್ಕೆ ವಿಮಾನದಲ್ಲಿ ಹೋದರು. ಹೆರಿಗೆ ನೋವು ಕಾಣಿಸಿಕೊಂಡರೂ ಆ ಮನೆಗೆ ಹೋಗಿ ಕೂತು ಮಾತಾಡಿದರು. ವಾಪಸ್ ಬರುವಾಗ ಪೈಲಟ್‌ಗಳಿಗೆ ದಿಗಿಲು, ವರ್ಜೀನಿಯಾದಲ್ಲಿ ಇಳಿಸೋಣವಾ ಅಂದರು. ಇವರು ಸುತರಾಂ ಒಪ್ಪಲಿಲ್ಲ. ಆ ವರ್ಷದ ರಾಷ್ಟ್ರೀಯ ಟೂರ್ನಿಯಲ್ಲಿ ಇವರನ್ನು ಹೊರಗೆ ಹಾಕಿದ್ದು ವರ್ಜೀನಿಯಾ ತಂಡ, ಮಗು ಅಲ್ಲಿ ಹುಟ್ಟಬಾರದು! ನಾಕ್ಸ್‌ವಿಲ್‌ಗೆ ಬಂದ ಮೇಲೇ ಮಗ ಟೈಲರ್ ಹುಟ್ಟಿದ್ದು. ಇಷ್ಟೆಲ್ಲ ಆಗಿಯೂ ಆ ಹುಡುಗಿ ಸೇರಿದ್ದು ನೋಟ್ರ ಡೇಮ್ ಯೂನಿವರ್ಸಿಟಿಗೆ. ಆಮೇಲೆ ಅಲ್ಲಿಂದ ಟೆನ್ನೆಸ್ಸಿಗೆ ಬಂದಳು. 1996ರ ಪ್ರಶಸ್ತಿ ಗೆದ್ದಾಗ ಫೈನಲ್ ಫೋರ್‌ನ, ಅಂದರೆ ಕೊನೆಯ ನಾಲ್ಕು ತಂಡಗಳ ಸುತ್ತಿನ, ಅತ್ಯುತ್ತಮ ಆಟಗಾರ್ತಿ ಅವಳೇ.

ಥ್ರೀ ಪಾಯಿಂಟರ್ ಅವರು 39–0 ಎತ್ತಿದರು. ನನ್ನ ಕೇಳಿದರೆ ಅದರ ಹಿಂದಿನ ವರ್ಷ ನೋಡಬೇಕು. 1996-97ರಲ್ಲಿ ಟೆನ್ನೆಸ್ಸಿ ಹತ್ತು ಪಂದ್ಯ ಸೋತಿತ್ತು. ಮಾರ್ಸಿನಿಯಾಕ್ ಓದು ಮುಗಿಸಿ ಹೋಗಿದ್ದಳು. ಆಟ ನಡೆಸುವ ಪಾಯಿಂಟ್ ಗಾರ್ಡ್ ಕೆಲ್ಲಿ ಜಾಲಿ ಸೀಸನ್‌ಗೆ ಮುಂಚೆಯೇ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡು ಕೂತಿದ್ದಳು, ಸೀಸನ್ ನಡುವೆ ಆಟಕ್ಕೆ ಮರಳಿದಳು. ಹೋಲ್ಡ್ಸ್‌ಕ್ಲಾ ಇದ್ದಳು, ನಿಜ. ಆ ಹತ್ತು ಸೋಲಿನಲ್ಲೂ ಇದ್ದಳಲ್ವಾ? ಟೂರ್ನಿಯಲ್ಲಿ ಎದುರಾಗಿದ್ದು ಆವರೆಗೆ ಒಂದೂ ಸೋಲದ ಕನೆಕ್ಟಿಕಟ್. 91–81ಕ್ಕೆ ಹೊಡೆದರು. ಸೆಮಿಫೈನಲ್‌ನಲ್ಲಿ ನೋಟ್ರ ಡೇಮ್, ಫೈನಲ್‌ನಲ್ಲಿ ಓಲ್ಡ್ ಡೊಮಿನಿಯನ್, 68–59. ಇದೇ ಓಲ್ಡ್ ಡೊಮಿನಿಯನ್ ಜನವರಿಯಲ್ಲಿ ಇವರನ್ನು ಸೋಲಿಸಿತ್ತು. ಫೈನಲ್‌ನಲ್ಲಿ ಜಾಲಿಯದೇ 11 ಅಸಿಸ್ಟ್, ಅಂದರೆ ನೇರ ಬಾಸ್ಕೆಟ್ ತಂದುಕೊಟ್ಟ ಪಾಸ್. ಅದೇ ಹುಡುಗಿಯರು, ಅದೇ ಸೀಸನ್. ಜನವರಿಗೂ ಮಾರ್ಚಿಗೂ ನಡುವೆ ಬದಲಾಗಿದ್ದು ಪ್ರಾಕ್ಟೀಸ್‌ನಲ್ಲಿ ಆದ ಕೆಲಸ. ನಿಮ್ಮ ಗಣಿತದ ಮೇಷ್ಟ್ರಿಗೆ 29–10 (29 ಗೆಲುವು, 10 ಸೋಲು) ಅನ್ನೋ ಈ ಲೆಕ್ಕ ಕೊಡಿ.

ಎಲ್ಲವನ್ನೂ ಹೊಗಳುತ್ತೇನೆ ಅಂತಲ್ಲ. ಶುರುವಿನ ವರ್ಷಗಳಲ್ಲಿ, ಹುಡುಗಿಯರು ರಾತ್ರಿ ಪಾರ್ಟಿ ಮಾಡಿ ಬಂದಿದ್ದು ಗೊತ್ತಾಗಿ, ಜಿಮ್‌ನ ಮೂಲೆ ಮೂಲೆಗೂ ಕಸದ ಡಬ್ಬಿ ಇಡಿಸಿ ವಾಂತಿ ಬರುವವರೆಗೂ ಓಡಿಸಿದ್ದರು. ಅದನ್ನು ಅವರ ಅಭಿಮಾನಿಗಳು ನಗುನಗುತ್ತಾ ಹೇಳುತ್ತಾರೆ, ನನಗೆ ನಗು ಬರುವುದಿಲ್ಲ. ನಮ್ಮ ಮಕ್ಕಳಿಗೆ ಯಾರಾದರೂ ಹಾಗೆ ಮಾಡಿದರೆ ನಾವು ಸುಮ್ಮನಿರುತ್ತೇವಾ?

ಪೀಟಿ ಮೇಷ್ಟ್ರು:
ಅಕ್ಕಾ, ಇದನ್ನು ಪ್ರಿಂಟ್ ತೆಗೆದು ಸ್ಟಾಫ್ ರೂಮಿನ ಟೇಬಲ್ ಮೇಲೆ ಇಡುತ್ತೇನೆ. ಎರಡು ಪ್ರಶ್ನೆ. ಅವರ ತಂಡ ಹುಡುಗರ ಜೊತೆ ಪ್ರಾಕ್ಟೀಸ್ ಮಾಡುತ್ತಿತ್ತು ಅಂತ ಕೇಳಿದ್ದೆ, ನಿಜವಾ? ಆಮೇಲೆ ಓದಿನ ವಿಚಾರದಲ್ಲಿ ಹೇಗಿದ್ದರು? ನಮ್ಮಲ್ಲಿ ಆಟಕ್ಕೆ ಬಂದರೆ ಮಾರ್ಕ್ಸ್ ಹೋಯ್ತು ಅಂತ ಅಪ್ಪ-ಅಮ್ಮಂದಿರದು ಒಂದೇ ರಾಗ.

ನಾಕ್ಸ್‌ವಿಲ್ ಅಕ್ಕ:
ಹುಡುಗರ ಮಾತು ನಿಜ. ಯೂನಿವರ್ಸಿಟಿಯಲ್ಲಿ ಓದುವ ಸಾಮಾನ್ಯ ಹುಡುಗರೇ, ಸ್ವಲ್ಪ ಎತ್ತರ, ಸ್ವಲ್ಪ ಜೋರು. ರೀಬೌಂಡ್‌ಗೆ, ಅಂದರೆ ಬುಟ್ಟಿಗೆ ಬೀಳದೆ ಪುಟಿದ ಚೆಂಡಿಗೆ, ಅವರ ಜೊತೆ ಗುದ್ದಾಡಿದವಳಿಗೆ ಪಂದ್ಯದ ದಿನ ಎದುರಾಳಿ ಹಗುರ ಅನಿಸುತ್ತಾಳೆ. ನಿಮ್ಮಲ್ಲಿ ಹಳೇ ವಿದ್ಯಾರ್ಥಿಗಳನ್ನು ಸಂಜೆ ಕರೆದು ನೋಡಿ.

ಓದಿನ ವಿಚಾರದಲ್ಲಿ ಬಲು ಬಿಗಿ. ಕ್ಲಾಸಿನಲ್ಲಿ ಮೊದಲ ಮೂರು ಸಾಲಿನಲ್ಲೇ ಕೂರಬೇಕು. ಕ್ಲಾಸ್ ತಪ್ಪಿಸಿದರೆ ಮುಂದಿನ ಪಂದ್ಯ ಇಲ್ಲ, ಎಷ್ಟೇ ದೊಡ್ಡ ಆಟಗಾರ್ತಿ ಆಗಿರಲಿ. ಅವರ ಕೈಕೆಳಗೆ ಟೆನ್ನೆಸ್ಸಿಯಲ್ಲಿ ಪೂರ್ತಿ ಅವಧಿ ಆಡಿ ಮುಗಿಸಿದ ಪ್ರತಿಯೊಬ್ಬಳೂ ಡಿಗ್ರಿ ಪಡೆದಿದ್ದಾಳೆ. ಇದನ್ನು ಅಪ್ಪ-ಅಮ್ಮಂದಿರ ಮೀಟಿಂಗ್‌ನಲ್ಲಿ ಹೇಳಿ.

ಥ್ರೀ ಪಾಯಿಂಟರ್:
ಸರಿ ಅಕ್ಕಾ, 29–10ರ ವಿಷಯ ಒಪ್ಪಿದೆ. ಔರಿಯೆಮಾ ವಿಷಯ ಮಾತ್ರ ಬಿಡಲ್ಲ. ಗೆಲುವಿನ ಲೆಕ್ಕದಲ್ಲೂ ಸಮಿಟ್ ಈಗ ಮೇಲಿಲ್ಲ, 2020ರಲ್ಲೇ ಸ್ಟ್ಯಾನ್‌ಫರ್ಡ್‌ನ ಕೋಚ್ ಟಾರಾ ವ್ಯಾನ್‌ಡರ್‌ವೀರ್ 1,098 ದಾಟಿದರು. ಕೊನೆಗೆ ಸಮಿಟ್ ಕಾಯಿಲೆಯಿಂದ ಬಿಟ್ಟರು ಅಲ್ವಾ?

ನಾಕ್ಸ್‌ವಿಲ್ ಅಕ್ಕ:
ಬಿಡಬೇಡಿ, ವಾದ ಇರಲಿ. ಔರಿಯೆಮಾ ದೊಡ್ಡವರೇ. ಆದರೆ ಅವರು ಕನೆಕ್ಟಿಕಟ್‌ಗೆ ಬಂದಿದ್ದು 1985ರಲ್ಲಿ. ಅಷ್ಟು ಹೊತ್ತಿಗೆ ಮಹಿಳೆಯರಿಗೆ ಎನ್‌ಸಿಎಎ ಟೂರ್ನಿ, ಅಂದರೆ ಕಾಲೇಜುಗಳ ರಾಷ್ಟ್ರೀಯ ಟೂರ್ನಿ, ಶುರುವಾಗಿತ್ತು. ಸಮಿಟ್ ಆಡಿಸಲು ಬಂದಾಗ ಅದೂ ಇರಲಿಲ್ಲ.

ಹೌದು, ಕಾಯಿಲೆಯೇ. 2011ರ ಆಗಸ್ಟ್‌ನಲ್ಲಿ, 59ನೇ ವಯಸ್ಸಿನಲ್ಲಿ, ತಮಗೆ ಅಲ್ಜೈಮರ್ ಬಗೆಯ ಮರೆವಿನ ಕಾಯಿಲೆ ಅಂತ ಅವರೇ ಹೇಳಿಕೊಂಡರು. ಆದರೂ ಇನ್ನೊಂದು ಸೀಸನ್ ಬೆಂಚಿನಲ್ಲಿದ್ದರು. ಪಂದ್ಯದ ಹೊತ್ತಿನ ಹೆಚ್ಚಿನ ಜವಾಬ್ದಾರಿ ಹಾಲಿ ವಾರ್ಲಿಕ್ ಹೊತ್ತರು. ವಾರ್ಲಿಕ್ ಇವರ ಹತ್ತಿರವೇ ಆಡಿ ಬೆಳೆದು, 27 ವರ್ಷ ಸಹಾಯಕಿ ಆಗಿದ್ದವರು. 2012ರ ಏಪ್ರಿಲ್‌ನಲ್ಲಿ ಅವರಿಗೇ ಕೆಲಸ ವಹಿಸಿದರು. ಸಮಿಟ್ ತೀರಿಕೊಂಡಿದ್ದು 2016ರ ಜೂನ್‌ನಲ್ಲಿ. ಇನ್ನೊಂದು ಗೊತ್ತಾ? 97ರ ಆ ಪಾಯಿಂಟ್ ಗಾರ್ಡ್ ಕೆಲ್ಲಿ ಜಾಲಿ, ಮದುವೆಯಾಗಿ ಕೆಲ್ಲಿ ಹಾರ್ಪರ್, 2019ರಿಂದ 2024ರವರೆಗೆ ಅದೇ ಟೆನ್ನೆಸ್ಸಿಗೆ ಕೋಚ್ ಆಗಿದ್ದಳು. ಕೋಚ್ ಆಗಿ ಅವಳಿಗೆ ಒಂದೂ ರಾಷ್ಟ್ರೀಯ ಪ್ರಶಸ್ತಿ ಸಿಗಲಿಲ್ಲ. ಇದನ್ನೂ ಗಣಿತದ ಮೇಷ್ಟ್ರಿಗೆ ಹೇಳಿ, ಅವರೇನಂತಾರೆ ನೋಡೋಣ.