ಕಿಡ್ನಿ ವೀಕ್ ಇರೋರಿಗೆ ಎಂಆರ್‌ಐ: ಕಬ್ಬಿಣದ ನ್ಯಾನೋ ಕಾಂಟ್ರಾಸ್ಟ್ ಹಾಕಿಸ್ಕೊಂಡೋರು ಇದ್ದೀರಾ?

ಬಸವನಗುಡಿ ಮಗ: ಅಪ್ಪಂಗೆ 71, ಇಜಿಎಫ್‌ಆರ್ (ಕಿಡ್ನಿ ಎಷ್ಟು ಸೋಸುತ್ತೆ ಅನ್ನೋ ಲೆಕ್ಕ) 24. ಕಾಲಿನ ರಕ್ತನಾಳ ನೋಡೋಕೆ ಎಂಆರ್ ಆಂಜಿಯೋ ಬೇಕಂತೆ, ಚಿತ್ರ ಸ್ಪಷ್ಟವಾಗೋಕೆ ಮಾಮೂಲಿಯಾಗಿ ಹಾಕೋ ಕಾಂಟ್ರಾಸ್ಟ್ ಗ್ಯಾಡೋಲಿನಿಯಂ ಅಂದ್ರೆ ಭಯ. ಅಮೆರಿಕಾದಲ್ಲಿರೋ ಅಕ್ಕ ಇಲ್ಲಿಗೇ ಕರ್ಕೊಂಡ್ ಬಾ, ಫೆರುಮಾಕ್ಸಿಟಾಲ್ ಅನ್ನೋ ಕಬ್ಬಿಣದ ಕಾಂಟ್ರಾಸ್ಟ್ ಹಾಕಿ ಮಾಡ್ತಾರೆ ಅಂತಾಳೆ. ಸೇಫಾ? ಅನುಭವ ಇದ್ರೆ ಹೇಳಿ.

ಜಯನಗರದ ಮಗಳು: ನಮ್ಮಮ್ಮಂದು 22 ಇತ್ತು, ಗ್ಯಾಡೋಲಿನಿಯಮ್ಮೇ ಹಾಕಿಸ್ದೆ, ಮ್ಯಾಕ್ರೋಸೈಕ್ಲಿಕ್ ಟೈಪು, ಅಂದ್ರೆ ಗ್ಯಾಡೋಲಿನಿಯಂನ ಬಿಗಿಯಾಗಿ ಹಿಡ್ಕೊಂಡಿರೋದು. ದೊಡ್ಡಪ್ಪನ ಮಕ್ಕಳೆಲ್ಲ ಸೇರಿ ಉಗಿದಿದ್ದು ಇವತ್ತಿಗೂ ಮರ್ತಿಲ್ಲ. ಕಿಡ್ನಿ ವೀಕ್ ಇರೋರಿಗೆ ಗ್ಯಾಡೋಲಿನಿಯಮ್ಮಿಂದ ಬರುತ್ತೆ ಅಂತ 2006ರಲ್ಲಿ ಸುದ್ದಿಯಾದ ಆ ಚರ್ಮ ಗಟ್ಟಿಯಾಗೋ ಕಾಯಿಲೆ ಬಹುಪಾಲು ಹಳೇ ಲೀನಿಯರ್ ಟೈಪಿಂದ. ಗೊತ್ತಿದ್ರೂ ಆರು ತಿಂಗಳು ದಿನಾ ರಾತ್ರಿ ಎಣ್ಣೆ ಹಚ್ಚೋ ನೆಪದಲ್ಲಿ ಅಮ್ಮನ ಮೀನಖಂಡ ಒತ್ತಿ ಒತ್ತಿ ನೋಡ್ತಿದ್ದೆ. ಏನೂ ಆಗ್ಲಿಲ್ಲ. ಸ್ಕ್ಯಾನಿಗೆ 8,500, ಕಾಂಟ್ರಾಸ್ಟಿಗೆ 2,700, ಅಮ್ಮ ಅಲ್ಲಾಡಿದ್ರು ಅಂತ ಇನ್ನೊಂದ್ಸಲ 8,500, ಆಟೋದೋನು ವೇಯ್ಟಿಂಗ್ ಅಂತ 180 ಕಿತ್ಕೊಂಡ.

ನಾಗರಬಾವಿ ಆಂಟಿ: ಆ ಫೆರುಮಾಕ್ಸಿಟಾಲ್ ನಂಗೇ ಹಾಕಿದ್ರು, ನ್ಯೂಜೆರ್ಸಿಲಿ ಮಗಳ ಮನೇಲಿದ್ದಾಗ. ರಕ್ತಹೀನತೆ ಔಷಧಿ ಅದು, ಸ್ಕ್ಯಾನಿಗೆ ಆಗ ಆಫ್ ಲೇಬಲ್, ಅಂದ್ರೆ ಆ ಬಳಕೆಗೆ ಅನುಮತಿ ಇರ್ಲಿಲ್ಲ. ಮೊದ್ಲು ಸರ್ರಂತ ಇಂಜೆಕ್ಷನ್ ಕೊಡ್ತಿದ್ರು, ಅಲರ್ಜಿಯಿಂದ ಜೀವ ಹೋದ ಕೇಸ್ ಬಂದ್ಮೇಲೆ 2015ರಲ್ಲಿ ಅಲ್ಲಿನ ಔಷಧಿ ನಿಯಂತ್ರಣದ ಎಫ್‌ಡಿಎ ಬಾಕ್ಸ್ ವಾರ್ನಿಂಗ್ ಹಾಕ್ತು, ಈಗ ಹದಿನೈದು ನಿಮಿಷ ಡ್ರಿಪ್, ಆಮೇಲೆ ಅರ್ಧ ಗಂಟೆ ಬಿಪಿ ನೋಡ್ತಾ ಕೂರಿಸ್ತಾರೆ. ನಂಗೆ ತುರಿಕೆ ಕೂಡ ಬರ್ಲಿಲ್ಲ. ಗ್ರಹಚಾರ ಬೆಂಗಳೂರಿಗೆ ಬಂದ್ಮೇಲೆ! ಏಳನೇ ವಾರಕ್ಕೆ ಹೊಟ್ಟೆ ಎಂಆರ್‌ಐ ಮಾಡಿದ್ರೆ ಲಿವರ್ ಇದ್ದಿಲು ಥರ ಕಪ್ಪು, ಕಬ್ಬಿಣ ಜಾಸ್ತಿ ಆಗಿದೆ ಅಂತ ರಿಪೋರ್ಟು. ಮೈಯಲ್ಲಿರೋ ಕಬ್ಬಿಣ ಅಳೆಯೋ ಫೆರಿಟಿನ್ನು, ಜೀನ್ ಟೆಸ್ಟು, 11,400 ಹೋಯ್ತು. ಮೂರು ತಿಂಗಳವರೆಗೂ ಎಂಆರ್‌ಐ ಚಿತ್ರ ಕೆಡಿಸಬಹುದು ಅಂತ ನ್ಯೂಜೆರ್ಸಿಯೋರು ಕೊಟ್ಟ ಪೇಪರಲ್ಲೇ ಇತ್ತು, ಆ ಪೇಪರ್ ಮಗಳ ಫ್ರಿಜ್ ಮೇಲೇ ಬಿಟ್ಟು ಬಂದಿದ್ದೆ.

ಹಳೇ ಕಾಂಪೌಂಡರ್: ನ್ಯಾನೋ ಅನ್ನೋದೇ ಮೋಸ ಸ್ವಾಮಿ. 1930ರ ದಶಕದಲ್ಲಿ ಥೋರೋಟ್ರಾಸ್ಟ್ ಅಂತ ಎಕ್ಸ್‌ರೇ ಕಾಂಟ್ರಾಸ್ಟ್ ಕೊಟ್ರು, ಅದೂ ಅಂಥದ್ದೇ ಸಣ್ಣ ಕಣ. ಲಿವರಲ್ಲಿ ಕೂತ್ಕೊಂಡು ಇಪ್ಪತ್ತು ಮೂವತ್ತು ವರ್ಷಕ್ಕೆ ಕ್ಯಾನ್ಸರ್ ತಂತು.

ನಾಗರಬಾವಿ ಆಂಟಿ: ಅದು ಥೋರಿಯಂ ರೀ, ವಿಕಿರಣ! ಕಬ್ಬಿಣಾನ ಮೈ ಅರಗಿಸ್ಕೊಂಡು ರಕ್ತಕ್ಕೆ ಬಳಸುತ್ತೆ. ನನ್ನ ಹೀಮೋಗ್ಲೋಬಿನ್ 9 ಇದ್ದಿದ್ದು 10.8 ಆಯ್ತು. ಓದ್ಕೊಂಡು ಮಾತಾಡಿ.

ಹಳೇ ಕಾಂಪೌಂಡರ್: ಅಷ್ಟಕ್ಕೆ ನ್ಯೂಜೆರ್ಸಿಗೆ ಹೋಗ್ಬೇಕಿತ್ತಾ, ನುಗ್ಗೆಸೊಪ್ಪು ತಿಂದಿದ್ರೆ ಆಗ್ತಿತ್ತು.

ಜಯನಗರದ ಮಗಳು: ಕಿಡ್ನಿ ಪೇಷೆಂಟಿಗೆ ನುಗ್ಗೆಸೊಪ್ಪಾ? ಪೊಟ್ಯಾಷಿಯಂ ಏರಿದ್ರೆ ಏನಾಗುತ್ತೆ ಗೊತ್ತಾ ನಿಮಗೆ? ನಮ್ಮನೇಲಿ ಯಾವ ಸೊಪ್ಪಾದ್ರೂ ಬೇಯ್ಸಿ ನೀರು ಬಸ್ದು ಚೆಲ್ಲಿ ಆಮೇಲೇ ಅಮ್ಮಂಗೆ.

ಹಳೇ ಕಾಂಪೌಂಡರ್: ಬಸ್ದಿದ್ದು ಚೆಲ್ಲಿದ್ರೆ ಬಸ್ಸಾರು ಯಾವುದ್ರಲ್ಲಿ ಮಾಡ್ತೀರಮ್ಮಾ?

ಬಸವನಗುಡಿ ಮಗ: ಸಾರ್, ಅಪ್ಪನ ಕಾಲು...

ಜಯನಗರದ ಮಗಳು: ಇರಪ್ಪ, ಮೊದ್ಲು ಇವರಿಗೆ ಉತ್ತರ ಕೊಟ್ಟು ಬರ್ತೀನಿ.