‘ದೇವನೊಬ್ಬ, ನಾಮ ಹಲವು’: ಈಗಿನ ಬಳಕೆ ಸರಿಯೇ?

ಎಲ್ಲರಿಗೂ ನಮಸ್ಕಾರ.

ಎಲ್ಲ ಧರ್ಮಗಳೂ ಒಬ್ಬನೇ ದೇವರನ್ನು ಸೇರುವ ದಾರಿಗಳು ಎನ್ನಬೇಕಾದಾಗ ಕನ್ನಡದ ಭಾಷಣ, ಲೇಖನಗಳಲ್ಲಿ ಮೊದಲು ನೆನಪಿಗೆ ಬರುವ ಮಾತು ‘ದೇವನೊಬ್ಬ, ನಾಮ ಹಲವು’. ಈ ಬಳಕೆಯ ಬಗ್ಗೆಯೇ ನನ್ನ ಪ್ರಶ್ನೆ.

ಮಾತು ಬಸವಣ್ಣನವರದು. ಆದರೆ ವಚನ ಅಲ್ಲಿಗೆ ನಿಲ್ಲುವುದಿಲ್ಲ:

ದೇವನೊಬ್ಬ, ನಾಮ ಹಲವು;
ಪರಮ ಪತಿವ್ರತೆಗೆ ಗಂಡನೊಬ್ಬ.
ಮತ್ತೊಂದಕ್ಕೆರಗಿದಡೆ ಕಿವಿ ಮೂಗ ಕೊಯ್ವನು.
ಹಲವು ದೈವದ ಎಂಜಲ ತಿಂಬವರನೇನೆಂಬೆ
ಕೂಡಲಸಂಗಮದೇವಾ!

ಪೂರ್ತಿ ಓದಿದರೆ ಒತ್ತು ‘ಹಲವು’ ಎಂಬುದರ ಮೇಲಲ್ಲ, ‘ಒಬ್ಬ’ ಎಂಬುದರ ಮೇಲೆ ಬಿದ್ದಿದೆ. ಇದು ನಿಷ್ಠೆಯ ವಚನ, ಕಟುವಾದ ವಚನ. ಹಲವು ನಾಮವನ್ನು ಒಪ್ಪುತ್ತದೆ, ಹಲವು ದೈವವನ್ನು ಒಪ್ಪುವುದಿಲ್ಲ. ಇಸ್ಲಾಮಿನಲ್ಲಿಯೂ ಅಲ್ಲಾಹನಿಗೆ 99 ನಾಮಗಳುಂಟು. ಆದರೆ ಅವನ ಜೊತೆಗೆ ಇನ್ನೊಂದನ್ನು ಸೇರಿಸಿ ಆರಾಧಿಸುವುದು ಅಲ್ಲಿ ಘೋರ ಪಾಪ. ವಚನದ ನಿಲುವು ಇದಕ್ಕೆ ಹತ್ತಿರ. ‘ಯಾವ ದಾರಿಯಾದರೇನು, ಸೇರುವುದು ಅಲ್ಲಿಗೇ’ ಎಂಬ ಅರ್ಥವನ್ನು ಅದರಿಂದ ಹಿಂಡಿ ತೆಗೆಯುವುದು ಹೇಗೆ?

ಋಗ್ವೇದದ ‘ಏಕಂ ಸದ್ವಿಪ್ರಾ ಬಹುಧಾ ವದಂತಿ’ (1.164.46), ಅಂದರೆ ಇರುವುದು ಒಂದೇ, ಬಲ್ಲವರು ಅದನ್ನು ಹಲವು ಬಗೆಯಲ್ಲಿ ಹೇಳುತ್ತಾರೆ ಎಂಬುದು ಕೂಡ ಹೆಸರುಗಳ ಮಾತೇ. ಇಂದ್ರ, ಮಿತ್ರ, ವರುಣ, ಅಗ್ನಿ ಎಂದು ಕರೆಯುವುದರ ಬಗ್ಗೆ ಅದು ಹೇಳುತ್ತದೆ; ದಾರಿಯ ಪ್ರಸ್ತಾಪ ಅಲ್ಲಿಲ್ಲ.

ದಾರಿಯ ಮಾತು ನಿಚ್ಚಳವಾಗಿ ಸಿಗುವುದು ಶಿವಮಹಿಮ್ನ ಸ್ತೋತ್ರದಲ್ಲಿ. ವಿವೇಕಾನಂದರು 1893ರಲ್ಲಿ ಷಿಕಾಗೋದಲ್ಲಿ ಹೇಳಿದ್ದು ಇದೇ ಶ್ಲೋಕವನ್ನು. ‘ರುಚೀನಾಂ ವೈಚಿತ್ರ್ಯಾದೃಜುಕುಟಿಲನಾನಾಪಥಜುಷಾಂ’, ಅಂದರೆ ಅಭಿರುಚಿಗಳು ಬೇರೆಬೇರೆಯಾದ್ದರಿಂದ ನೇರವೋ ಡೊಂಕೋ ಆದ ನಾನಾ ಹಾದಿಗಳನ್ನು ಹಿಡಿದವರಿಗೆಲ್ಲ, ನೀರಿಗೆ ಕಡಲಿನಂತೆ, ಗಮ್ಯ ನೀನೊಬ್ಬನೇ. ‘ಪಥ’, ‘ಗಮ್ಯ’ ಎರಡೂ ಇಲ್ಲಿವೆ. ‘ಕುಟಿಲ’ವೂ ಇದೆ, ಅದನ್ನು ಮರೆಯಬಾರದು: ಎಲ್ಲ ಹಾದಿಗಳೂ ಸಮ ಎಂದು ಶ್ಲೋಕ ಹೇಳುತ್ತಿಲ್ಲ. ಹಿಂದಿನ ಸಾಲು ಹೆಸರಿಸುವ ಹಾದಿಗಳೂ ವೇದ, ಸಾಂಖ್ಯ, ಯೋಗ, ಪಾಶುಪತ, ವೈಷ್ಣವ ಇಷ್ಟೇ. ‘ನೀನು’ ಎಂದರೆ ಶಿವ. ರಾಮಕೃಷ್ಣ ಪರಮಹಂಸರ ಬಂಗಾಳಿ ಮಾತು ‘ಜತೊ ಮತ್ ತತೊ ಪಥ್’ (ಎಷ್ಟು ಮತಗಳೋ ಅಷ್ಟು ಹಾದಿಗಳು) ಇದಕ್ಕಿಂತ ಬಹಳ ವಿಶಾಲ. ನಾವು ‘ದೇವನೊಬ್ಬ’ ಎಂದಾಗ ಹೇಳಬಯಸುವುದು ನಿಜವಾಗಿ ಇದನ್ನು.

ಹಾಗೆಂದು ‘ದಾರಿ’ ಎಂಬ ಪದವೇನೂ ನಿರಪಾಯವಲ್ಲ. ದಾರಿ ಎಂದೊಡನೆ ತಲುಪುವ ಜಾಗವನ್ನೂ ನಾವೇ ಗೊತ್ತುಮಾಡಿದಂತಾಗುತ್ತದೆ. ಜೈನರು ಸಮ್ಯಗ್ದರ್ಶನ, ಜ್ಞಾನ, ಚಾರಿತ್ರಗಳನ್ನು ‘ಮೋಕ್ಷಮಾರ್ಗ’ ಎನ್ನುತ್ತಾರೆ. ಜಗತ್ತನ್ನು ಸೃಷ್ಟಿಸಿದ ದೇವರನ್ನು ಒಪ್ಪುವುದಿಲ್ಲ. ಬುದ್ಧನ ಅಷ್ಟಾಂಗ ಮಾರ್ಗ ಹೋಗುವುದು ನಿರ್ವಾಣದ ಕಡೆಗೆ. ಮಾರ್ಗವೇನೋ ಇಬ್ಬರಲ್ಲೂ ಇದೆ, ಆದರೆ ಅದರ ತುದಿಯಲ್ಲಿ ನಾವು ಹೇಳುವ ಆ ‘ಒಬ್ಬ’ ಇಲ್ಲ. ‘ನೀವೂ ನಮ್ಮ ದೇವರ ಕಡೆಗೇ ನಡೆಯುತ್ತಿದ್ದೀರಿ’ ಎಂದು ಅವರಿಗೆ ಹೇಳುವುದು ನನಗೆ ಗೌರವವಾಗಿ ಕಾಣುವುದಿಲ್ಲ. ಎಷ್ಟೇ ಪ್ರೀತಿಯಿಂದ ಹೇಳಿದರೂ, ಅವರು ಆಡದ ಮಾತನ್ನು ಅವರ ಬಾಯಲ್ಲಿ ಇಟ್ಟಂತೆಯೇ.

ಇಂಥ ಕಡೆ ನನಗೆ ಹೆಚ್ಚು ಒಪ್ಪುವುದು 9ನೇ ಶತಮಾನದ ಕವಿರಾಜಮಾರ್ಗದ ಸಾಲು: ‘ಕಸವರಮೆಂಬುದು ನೆಱೆ ಸೈರಿಸಲಾರ್ಪೊಡೆ ಪರವಿಚಾರಮುಮಂ ಪರಧರ್ಮಮುಮಂ’. ಪರರ ವಿಚಾರವನ್ನೂ ಧರ್ಮವನ್ನೂ ಚೆನ್ನಾಗಿ ಸೈರಿಸಬಲ್ಲೆವಾದರೆ ಅದೇ ಚಿನ್ನ. ಎಲ್ಲವೂ ಒಂದೇ ಎಂದು ಸಾಧಿಸಹೊರಟಿಲ್ಲ. ‘ಪರ’ ಎಂಬುದು ಪರವಾಗಿಯೇ ಉಳಿದಿದೆ, ಆದರೂ ಜಗಳವಿಲ್ಲ. ‘ಸೈರಿಸು’ ಎಂದರೆ ಇಂದಿನ ಕಿವಿಗೆ ಕಷ್ಟಪಟ್ಟು ತಾಳಿಕೊಂಡಂತೆ ಕೇಳಬಹುದು. ಅದನ್ನೇ ಚಿನ್ನ ಎಂದಿರುವಾಗ ಹಾಗೆ ಕುಗ್ಗಿಸಿ ಓದುವುದು ಸರಿಯಲ್ಲ ಎಂದು ನನ್ನ ಎಣಿಕೆ.

ಬಲ್ಲವರಲ್ಲಿ ನನ್ನ ಕೋರಿಕೆ ಇಷ್ಟು. ವಚನದ ಮೊದಲ ಸಾಲನ್ನು ಮಾತ್ರ ಬಿಡಿಸಿಕೊಂಡು ಸರ್ವಧರ್ಮ ಸಮನ್ವಯದ ಗಾದೆಯಂತೆ ಬಳಸಿರುವ ಹಳೆಯ ಉದಾಹರಣೆ ಯಾರ ಗಮನಕ್ಕಾದರೂ ಬಂದಿದೆಯೇ? ಹಾಗೆಯೇ ‘ಹಲವು ಹಾದಿ, ಒಂದೇ ಗುರಿ’ ಎಂಬ ಅರ್ಥವನ್ನು ನೇರವಾಗಿ ಕೊಡುವ ಕನ್ನಡದ್ದೇ ಆದ ನುಡಿ ತತ್ವಪದಗಳಲ್ಲಿಯೋ ಆಡುಮಾತಿನಲ್ಲಿಯೋ ಇದ್ದರೆ, ಪೂರ್ತಿ ಪದ್ಯದೊಡನೆ ತಿಳಿಸಿ.