ಬಿ.ಎಸ್ಸಿ. 96 ಧಾರವಾಡ: ಒಂದು ಫ್ರ್ಯಾಕಿಂಗ್ ಫಾರ್ವರ್ಡ್ ಮತ್ತ ಜಗಳ

ಬಸು ಗದಗ: *ಫಾರ್ವರ್ಡ್ ಮಾಡಲಾಗಿದೆ* 🚨🚨 ಎಚ್ಚರ! ಅಮೆರಿಕಾದಲ್ಲಿ ನಿಷೇಧವಾಗಿರುವ ಫ್ರ್ಯಾಕಿಂಗ್ ಈಗ ಮುಂಡರಗಿ ತಾಲೂಕಿಗೆ ಬಂದಿದೆ. ಕುಡಿಯುವ ನೀರಿನ ಬೋರ್‌ವೆಲ್ ಹೆಸರಿನಲ್ಲಿ ತೈಲ ಕಂಪನಿಗಳು ಭೂಮಿ ಒಡೆಯುತ್ತಿವೆ. ನೂರಾರು ವಿಷ ರಾಸಾಯನಿಕ. ನಲ್ಲಿ ನೀರಿಗೆ ಕಡ್ಡಿ ಗೀರಿದರೆ ಬೆಂಕಿ. ಭೂಕಂಪ ಖಚಿತ. 10 ಗುಂಪಿಗೆ ಕಳಿಸಿ.

ಬಸು ಗದಗ: ಫೋಟೋ ನೋಡ್ರಿ. ಲಾರಿ ಮ್ಯಾಲೆ ಹೈಡ್ರೋ ಫ್ರ್ಯಾಕ್ಚರಿಂಗ್ ಅಂತ ಬರದೈತಿ. ನಮ್ಮ ಅತ್ತಿಯವರ ಊರಿಗೆ ನಾಡಿದ್ದು ಇದ ಲಾರಿ ಬರೂದೈತಿ. ನಿಲ್ಲಿಸಬೇಕೋ ಬ್ಯಾಡೋ?

ವಿನಯ: ಗದಗದಾಗ ಎಣ್ಣಿ ಹತ್ತಿದ್ರ ನಾ ನೌಕರಿ ಬಿಟ್ಟ ಬರ್ತೀನಿ. ಮಿರ್ಚಿ ಭಜಿ ಕರಿಯಾಕ ಆತು 😂

ಬಸು ಗದಗ: ಲೇ, ಚಾಷ್ಟಿ ಮಾಡಬ್ಯಾಡ. ಊರಾಗ ಮಂದಿ ಅಂಜ್ಯಾರ.

ಇಮ್ತಿಯಾಜ್ ಹಾವೇರಿ: ಬಸು, ಅದು ಬೋರಿನ ಕಲ್ಲಿನ್ಯಾಗಿನ ಬಿರಕು ತೆರದು ನೀರು ಹೆಚ್ಚಿಸೂ ಲಾರಿ. ತೈಲದ್ದಲ್ಲ. ಹೆಸರೊಂದ, ಕೆಲಸ ಬ್ಯಾರೆ. ಮೊದಲ ಆ ಫಾರ್ವರ್ಡ್ ಅಳಿಸು.

ಬಸು ಗದಗ: ಎರಡೂ ನೀರಿನ ಒತ್ತಡದಿಂದ ಕಲ್ಲ ಒಡಿಯೂದ ಅಲ್ಲೇನು? ಬ್ಯಾರೆ ಹ್ಯಾಂಗ ಆಗತೈತಿ?

ಕುಲಕರ್ಣಿ ಸರ್: ಬಸವರಾಜ, ಮೊದಲು ಎಣ್ಣಿ ಮಾತು ಮುಗಸ್ತೀನಿ. ಕೆಸರಿನ್ಯಾಗ ಹುಗದ ಪಾಚಿ, ಸಣ್ಣ ಜೀವಿ 60 ರಿಂದ 120 ಡಿಗ್ರಿ ಕಾವಿನ್ಯಾಗ ಲಕ್ಷಾಂತರ ವರ್ಷ ಬೆಂದರ ಎಣ್ಣಿ. ಅದಕ್ಕಿಂತ ಹೆಚ್ಚು ಕಾದರ ಗ್ಯಾಸು. 200 ದಾಟ್ತು ಅಂದ್ರ ಅದೂ ಮುಗೀತು. ಗದಗ ಪಟ್ಟಿಯ ಕಲ್ಲು 250 ಕೋಟಿ ವರ್ಷಕ್ಕಿಂತ ಹಳೇದು, 300 ಡಿಗ್ರಿ ಮ್ಯಾಲೆ ಬೆಂದದ್ದು. ಅದರಾಗ ಇದ್ದ ಇಂಗಾಲ ಗ್ರಾಫೈಟ್ ಆಗೇದ. ಅಲ್ಲಿ ತೈಲ ಹುಡುಕೂದು ಅಂದ್ರ ಪೆನ್ಸಿಲ್ ಕಡ್ಡಿ ಹಿಂಡಿ ಎಣ್ಣಿ ತಗದಂಗ. ಜಗತ್ತಿನ ಪುಸ್ತಕದಾಗೆಲ್ಲ ‘ಧಾರವಾಡ ಶಿಲೆ’ ಅಂತ ನಮ್ಮೂರ ಹೆಸರಿರೂದು ಇಂಥಾ ಮುದಿ ಕಲ್ಲಿಗೇ. ಬಂಗಾರ ಕೇಳು, ಕಬ್ಬಿಣ ಕೇಳು. ಎಣ್ಣಿ ಕೇಳಬ್ಯಾಡ.

ವಿನಯ: ನನ್ನ ನೌಕರಿ ಉಳೀತು.

ಬಸು ಗದಗ: ಒಪ್ಪಿದೆ ಸರ್. ಆದ್ರ ನೀರು ಕೆಡತೈತಿ ಅನ್ನೂದು?

ಇಮ್ತಿಯಾಜ್ ಹಾವೇರಿ: ಬೋರಿನ ಕೆಲಸ ಹೇಳ್ತೀನಿ. ಮೋಟಾರು, ಪೈಪು ಎಲ್ಲಾ ಮ್ಯಾಲೆ ಎತ್ತತಾರ. ಕೇಸಿಂಗ್, ಅಂದ್ರ ಮ್ಯಾಲಿನ ಮಣ್ಣು ಕುಸೀದಂಗ ಬೋರಿಗೆ ಹಾಕಿದ ಪೈಪು, ಎಲ್ಲಿ ಮುಗದೈತಿ ನೋಡಿ, ಅದರ ಕೆಳಗ ಗಟ್ಟಿ ಕಲ್ಲಿನ್ಯಾಗ ಪ್ಯಾಕರ್ ಇಳಸ್ತಾರ. ಪ್ಯಾಕರ್ ಅಂದ್ರ ಉಬ್ಬೂ ರಬ್ಬರ್ ಬುಗ್ಗಿ, ಬೋರಿನ ಗ್ವಾಡಿಗೆ ಬಿಗಿಯಾಗಿ ಕೂಡತೈತಿ. ಅದರ ಕೆಳಗ ಟ್ಯಾಂಕರಿನ ನೀರು ಒತ್ತತಾರ. ಮೀಟರಿನ ಮುಳ್ಳು ಚದರ ಸೆಂ.ಮೀ.ಗೆ 60, 80, 100 ಕೆಜಿ ಅಂತ ಏರಕೋತ ಹೋಗತೈತಿ. ಒಮ್ಮಿಂದೊಮ್ಮೆಲೆ 40ಕ್ಕ ಬಿದ್ದಿತಂದ್ರ ಮುಚ್ಚಿದ್ದ ಬಿರಕು ತೆರೀತು. ನಿಧಾನಕ ಇಳದ್ರ ಪ್ಯಾಕರ್ ಸೋರಾಕತ್ತೈತಿ ಅಂತ ತಿಳಕೊ. ಆಮ್ಯಾಲೆ ಕಂಪ್ರೆಸರ್ ಹಚ್ಚಿ ಹೊಲಸು ನೀರು ಹೊರಗ ಉಗಳಸ್ತಾರ. ಒಂದೆರಡು ಟ್ಯಾಂಕರ್ ನೀರು, ಅರ್ಧ ದಿನದ ಕೆಲಸ. ರಾಸಾಯನಿಕ ಇಲ್ಲ, ಉಸುಕೂ ಇಲ್ಲ.

ಬಸು ಗದಗ: ಮತ್ತ ತೈಲದಾಗ?

ಶೈಲಾ: ಅದು ನಾ ಹೇಳ್ತೀನಿ. 2–3 ಕಿ.ಮೀ. ಕೆಳಗ ಕೊರದು, ಅಲ್ಲಿ ಅಡ್ಡ ತಿರುಗಿಸಿ ಶೇಲ್ (ಕೆಸರು ಗಟ್ಟಿಯಾಗಿ ಆದ ಕಲ್ಲು) ಪದರಿನೊಳಗ ಇನ್ನ 2–3 ಕಿ.ಮೀ. ಹೋಗ್ತಾರ. ಪೂರ್ತಿ ಸ್ಟೀಲ್ ಪೈಪು, ಹೊರಗ ಸಿಮೆಂಟು. ಆಮ್ಯಾಲೆ ತುದಿಯಿಂದ ಹಿಂದಕ್ಕ ಬರಕೋತ ಒಂದೊಂದ ತುಂಡು: ಪ್ಲಗ್ ಕೂಡಿಸಿ, ಸಣ್ಣ ಸ್ಫೋಟಕದ ಗನ್ನಿಂದ ಪೈಪಿಗೂ ಸಿಮೆಂಟಿಗೂ ತೂತು ಹೊಡದು, ಆಸಿಡ್ ಬಿಟ್ಟು, ನೀರು ಒತ್ತಿ, ಹಿಂದಿಂದ ಉಸುಕು. ಹಿಂಗ 30–50 ಸಲ. ಒತ್ತಡ 600–700 ಕೆಜಿ ತನಕ. ಹರಿವು ನಿಮಿಷಕ್ಕ 12,000 ಲೀಟರಿನ ಮ್ಯಾಲೆ. ಅಂದ್ರ ನಿಮಿಷಕ್ಕೊಂದು ಟ್ಯಾಂಕರ್ ಖಾಲಿ. ಅದಕ್ಕ 2,000 ಅಶ್ವಶಕ್ತಿಯ ಪಂಪಿನ ಲಾರಿ ಇಪ್ಪತ್ತು ಸಾಲಾಗಿ ನಿಲ್ಲಬೇಕು. ಬಸು, ನೀ ಹಾಕಿದ ಫೋಟೋದಾಗ ಲಾರಿ ಒಂದ ಐತಿ.

ವಿನಯ: ಉಸುಕು ಯಾಕ? ಬೋರಿಗೆ ಬ್ಯಾಡ ಅಂದ್ರಿ.

ಶೈಲಾ: ಅಷ್ಟು ಆಳದಾಗ ಮ್ಯಾಲಿನ ಕಲ್ಲಿನ ಭಾರಕ್ಕ, ಒತ್ತಡ ಬಿಟ್ಟ ಕೂಡ್ಲೆ ಬಿರಕು ಮುಚ್ಚಿ ಹೋಗತೈತಿ. ಉಸುಕಿನ ಕಾಳು ನಡುವ ನಿಂತು ಬಾಯಿ ತೆರದ ಇಡತಾವ. ಬೋರು ಮ್ಯಾಲ ಇರತೈತಿ, ಗ್ರಾನೈಟಿನ ಎರಡು ಮುಖ ಒರಟು, ಒಮ್ಮೆ ಸರದಿದ್ದು ಮತ್ತ ಪೂರ್ತಿ ಕೂಡೂದಿಲ್ಲ. ಉಸುಕು ಜಾಸ್ತಿ ಆದ್ರೂ ಕಷ್ಟ. ಬಿರಕಿನ ಬಾಯಾಗ ಕಟ್ಟಿಕೊಂಡು ಒತ್ತಡ ಕ್ಷಣದಾಗ ಏರತೈತಿ, ಪಂಪು ನಿಲ್ಲಿಸಿ ಪೈಪಿನ್ಯಾಗಿನ ಉಸುಕೆಲ್ಲಾ ತೊಳದ ತಗೀಬೇಕು.

ಇಮ್ತಿಯಾಜ್ ಹಾವೇರಿ: ರಾಸಾಯನಿಕದ್ದೂ ಹೇಳು ಶೈಲಾ. ಅದನ್ನ ಬಿಟ್ಟ ಹೊಂಟಿ.

ಶೈಲಾ: ಬಿಟ್ಟಿಲ್ಲ. ನೀರು ಮತ್ತ ಉಸುಕು ಸೇರಿ ಶೇಕಡಾ 99.5. ಉಳದ ಅರ್ಧ ಪರ್ಸೆಂಟಿನ್ಯಾಗ ತಿಕ್ಕಾಟ ಕಡಿಮಿ ಮಾಡಾಕ ಪಾಲಿಅಕ್ರಿಲಮೈಡ್, ಬ್ಯಾಕ್ಟೀರಿಯಾ ಸಾಯಾಕ ಗ್ಲುಟರಾಲ್ಡಿಹೈಡ್, ಪೈಪಿನ್ಯಾಗ ಪದರು ಕಟ್ಟದಂಗ ಮತ್ತೊಂದು. ದವಾಖಾನಿಯೊಳಗ ಸಾಮಾನು ತೊಳಿಯಾಕೂ ಗ್ಲುಟರಾಲ್ಡಿಹೈಡ್ ಬಳಸ್ತಾರ.

ಇಮ್ತಿಯಾಜ್ ಹಾವೇರಿ: ದವಾಖಾನಿಯೊಳಗ ಅದನ್ನ ಕುಡಿಯೂದಿಲ್ಲ. ಈ ‘ಅರ್ಧ ಪರ್ಸೆಂಟ್’ ಲೆಕ್ಕಾನ ನನಗ ಸೇರೂದಿಲ್ಲ. ಒಂದು ಬಾವಿಗೆ 4 ಕೋಟಿ ಲೀಟರ್ ಹಿಡಿ, ಅಮೆರಿಕದಾಗ ಇದು ಸಾಮಾನ್ಯ. ಅದರ ಅರ್ಧ ಪರ್ಸೆಂಟ್ ಅಂದ್ರ 2 ಲಕ್ಷ ಲೀಟರ್. ಅದು ಲಾರಿ ಮ್ಯಾಲ ಬರತೈತಿ, ಅಂಗಳದಾಗ ಇಳೀತೈತಿ, ಹೋಸ್ ಪೈಪು ಬಿಚ್ಚಿದಾಗ ಸುರೀತೈತಿ. 2005ರ ಇಂಧನ ಕಾಯ್ದೆಯೊಳಗ, ಡೀಸೆಲ್ ಬಳಸಿದ್ದೊಂದು ಬಿಟ್ಟು, ಫ್ರ್ಯಾಕಿಂಗಿಗೆ ಅಲ್ಲಿನ ಕುಡಿಯೂ ನೀರಿನ ಕಾನೂನಿಂದ ವಿನಾಯಿತಿ ಕೊಟ್ಟಾರ. ಅಷ್ಟು ಸಪ್ಪನ ವಸ್ತು ಆಗಿದ್ರ ವಿನಾಯಿತಿ ಯಾಕ ಬೇಕಿತ್ತು?

ಶೈಲಾ: ವಿನಾಯಿತಿ ತಪ್ಪು, ಒಪ್ಪತೀನಿ. ಆದ್ರ ಬಿರಕು 2 ಕಿ.ಮೀ. ಮ್ಯಾಲ ಏರಿ ಬಾವಿ ನೀರಿಗೆ ಬರತೈತಿ ಅನ್ನೂದು ಸುಳ್ಳು. ಬಹುತೇಕ ಬಿರಕು ನೂರಿನ್ನೂರು ಮೀಟರಿನ್ಯಾಗ ಮುಗೀತಾವ.

ಇಮ್ತಿಯಾಜ್ ಹಾವೇರಿ: ಎಲ್ಲಾ ಕಡೆ 2 ಕಿ.ಮೀ. ಇರೂದಿಲ್ಲಲ್ಲ. ವಯೋಮಿಂಗಿನ ಪೆವಿಲಿಯನ್ ಹತ್ರ 400 ಮೀಟರಿಗಿಂತ ಕಡಿಮಿ ಆಳದಾಗ ಫ್ರ್ಯಾಕ್ ಮಾಡ್ಯಾರ. ಅಲ್ಲೇ ನೀರಿನ ಬಾವಿ 240 ಮೀಟರ್ ತನಕ ಅದಾವ.

ಶೈಲಾ: ಅಂಥಲ್ಲಿ ಮಾಡಬಾರದಿತ್ತು. ನೀರು ಕೆಡೂ ಮುಖ್ಯ ದಾರಿ ಬ್ಯಾರೆ: ಸಿಮೆಂಟು. ಪೈಪಿನೊಳಗಿಂದ ಸಿಮೆಂಟ್ ಕೆಳಗ ಇಳಿಸಿ, ಪೈಪಿಗೂ ಕಲ್ಲಿಗೂ ನಡುವಿನ ಸಂದಿನ್ಯಾಗ ಮ್ಯಾಲೆ ಏರಿಸ್ತಾರ. ಪೈಪು ನಟ್ಟನಡುವ ನಿಲ್ಲದ ಒಂದ ಕಡಿಗೆ ವಾಲಿದ್ರ, ಆ ಇಕ್ಕಟ್ಟಿನ ಕಡೆ ಕೊರೆಯೂವಾಗಿನ ಕೆಸರು ಹಂಗ ಉಳೀತೈತಿ, ಸಿಮೆಂಟ್ ಹೋಗೂದಿಲ್ಲ. ಇಲ್ಲಾ ಸಿಮೆಂಟ್ ಹೆಪ್ಪುಗಟ್ಟೂವಾಗ ಗ್ಯಾಸಿನ ಗುಳ್ಳಿ ನುಗ್ಗಿ ಸಣ್ಣ ಕೊಳವಿ ಮಾಡತೈತಿ. ಕೂದಲೆಳಿಯಷ್ಟು ಸಂದು ಸಾಕು, ಮೀಥೇನು ವರ್ಷಗಟ್ಟಲೆ ಮ್ಯಾಲೆ ಬರತೈತಿ. ಅದಕ್ಕ ಸಿಹಿನೀರಿನ ಪದರು ಪೂರ್ತಿ ದಾಟಿ ಮೊದಲನೇ ಕೇಸಿಂಗ್ ಹಾಕಬೇಕು, ಸಿಮೆಂಟು ನೆಲದ ಮ್ಯಾಲ ಬಂದದ್ದು ಕಣ್ಣಲೆ ನೋಡಬೇಕು, ಆಮ್ಯಾಲೆ ಧ್ವನಿ ಉಪಕರಣ ಇಳಿಸಿ ಹಿಡಿದೈತೋ ಇಲ್ಲೋ ಅಳೀಬೇಕು. ಇಷ್ಟು ಮಾಡಿದ್ರ ಫ್ರ್ಯಾಕಿಂಗ್ ಅಂಜೂ ಕೆಲಸ ಅಲ್ಲ.

ಕುಲಕರ್ಣಿ ಸರ್: ನಲ್ಲಿ ಬೆಂಕಿಯ ವಿಡಿಯೋ ಬಗ್ಗೆ ಒಂದು ಮಾತು. ಮೀಥೇನ್ ಎರಡು ಥರ. ಕೆಳಗ ಬೆಂದು ಆದದ್ದು, ಮತ್ತ ಮ್ಯಾಲಿನ ಕೆಸರಿನ್ಯಾಗ ಬ್ಯಾಕ್ಟೀರಿಯಾ ಮಾಡಿದ್ದು. ಇಂಗಾಲದ ಐಸೊಟೋಪ್ (ಹಗುರ, ಭಾರ ಪರಮಾಣುಗಳ ಪ್ರಮಾಣ) ನೋಡಿದ್ರ ಯಾವುದು ಅಂತ ಬಹುಮಟ್ಟಿಗೆ ತಿಳೀತದ. ಕೊಲೊರಾಡೊದ ಒಂದು ಪ್ರಸಿದ್ಧ ಬೆಂಕಿ ನಲ್ಲಿ ಬ್ಯಾಕ್ಟೀರಿಯಾದ್ದು ಅಂತ ಅಲ್ಲಿನ ಸರಕಾರ ಹೇಳಿತು. ಪೆನ್ಸಿಲ್ವೇನಿಯಾದ ಡಿಮಾಕ್‌ನಾಗ ಆಳದ ಗ್ಯಾಸು ಬಾವಿಗೆ ಬಂದದ್ದು ಖರೇನ. ಎರಡೂ ಪಕ್ಷದವರು ತಮಗ ಬೇಕಾದ ನಲ್ಲಿ ಆರಿಸಿಕೊಳ್ತಾರ.

ಇಮ್ತಿಯಾಜ್ ಹಾವೇರಿ: ಸರ್, ಶೈಲಾ ‘ಇಷ್ಟು ಮಾಡಿದ್ರ’ ಅಂದಳಲ್ಲ, ಜಗಳ ಇರೂದ ಅಲ್ಲೆ. ಮತ್ತ ತಿರುಗಿ ಬರೂ ನೀರು? ಶೇಲಿನಿಂದ ಬರೂ ನೀರು ಸಮುದ್ರಕ್ಕಿಂತ ಎಷ್ಟೋ ಪಟ್ಟು ಉಪ್ಪು. ಅಮೆರಿಕದ ಮಾರ್ಸೆಲಸ್ ಶೇಲಿನ್ಯಾಗ ಲೀಟರಿಗೆ 2 ಲಕ್ಷ ಮಿಲಿಗ್ರಾಂ ದಾಟತೈತಿ, ರೇಡಿಯಂ ಸೈತ ಇರತೈತಿ. ನಮ್ಮ ನವಲಗುಂದ ಕಡೆ ಸವಳ ನೀರಿಗೆ ಬೈತೀವಿ, ಅದು ಇದರ ಮುಂದ ಎಳನೀರು. ಇದನ್ನ ಎಲ್ಲಿ ಹಾಕ್ತೀರಿ?

ಶೈಲಾ: ಒಂದಿಷ್ಟು ಮುಂದಿನ ಬಾವಿಗೆ ಮತ್ತ ಬಳಸ್ತಾರ. ಉಳದದ್ದು ಆಳದ ವಿಲೇವಾರಿ ಬಾವಿಗೆ.

ಇಮ್ತಿಯಾಜ್ ಹಾವೇರಿ: ಹಾಂ. ಆ ವಿಲೇವಾರಿ ಬಾವಿಯಿಂದಾನ ಅಮೆರಿಕದ ಒಕ್ಲಹೋಮಾ ರಾಜ್ಯ ನಡುಗಿತು. 2008ರ ತನಕ ವರ್ಷಕ್ಕ 3 ಇಲ್ಲಾ ಅದಕ್ಕಿಂತ ಹೆಚ್ಚು ಪ್ರಮಾಣದ ಕಂಪನ ಒಂದೆರಡು. 2015ರಾಗ 900ಕ್ಕಿಂತ ಹೆಚ್ಚು. 2016ರ ಸೆಪ್ಟೆಂಬರಿನ್ಯಾಗ ಪಾನೀ ಅನ್ನೂ ಊರಿನ ಹತ್ರ 5.8. ಹಳೇ ಬಿರಕಿನ್ಯಾಗ ನೀರು ಹೊಕ್ಕು ಎರಡು ಬಂಡೆಗಲ್ಲು ಹಿಡಕೊಂಡ ಒತ್ತು ಸಡಿಲ ಮಾಡತೈತಿ.

ಶೈಲಾ: ಖರೆ. ಒತ್ತೂ ಪ್ರಮಾಣ ಕಡಿಮಿ ಮಾಡಿಸಿದ ಮ್ಯಾಲ ಕಂಪನಾನೂ ಇಳದಾವ, ಅದನ್ನೂ ಹೇಳು. ಮತ್ತ ಆ ನೀರಿನ್ಯಾಗ ಬಹಳಷ್ಟು ಮಾಮೂಲಿ ತೈಲಬಾವಿದ್ದು, ಫ್ರ್ಯಾಕಿಂಗಿಂದಲ್ಲ.

ಇಮ್ತಿಯಾಜ್ ಹಾವೇರಿ: ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್ ಹತ್ರ ಫ್ರ್ಯಾಕಿಂಗಿಂದಾನ ಆಗೈತಿ. 2011ರಾಗ 2.3, 2019ರಾಗ 2.9. ಆ ವರ್ಷ ನವೆಂಬರಿನ್ಯಾಗ ನಿಲ್ಲಿಸಿದ್ರು.

ಬಸು ಗದಗ: ಅಂದ್ರ ಫಾರ್ವರ್ಡಿನ್ಯಾಗ ‘ನಿಷೇಧ’ ಅಂದದ್ದು ಸುಳ್ಳಲ್ಲ?

ಶೈಲಾ: ಅಮೆರಿಕದಾಗ ಇಡೀ ದೇಶಕ್ಕ ನಿಷೇಧ ಇಲ್ಲ. ವರ್ಮಾಂಟ್, ನ್ಯೂಯಾರ್ಕ್, ಮೇರಿಲ್ಯಾಂಡ್ ಇಂಥಾ ಕೆಲವು ರಾಜ್ಯದಾಗ ಐತಿ. ಫ್ರಾನ್ಸ್ 2011ರಾಗ ನಿಷೇಧ ಮಾಡಿತು. ಟೆಕ್ಸಾಸಿನ್ಯಾಗ ಹಗಲು ರಾತ್ರಿ ನಡದೈತಿ.

ವಿನಯ: ಲಾಭಾನೂ ಹೇಳ್ರಪಾ, ಬರೇ ಹೆಣ ಎತ್ತಾಕತ್ತೀರಿ. 2008ರಾಗ ಅಮೆರಿಕದ ಕಚ್ಚಾತೈಲ ದಿನಕ್ಕ 50 ಲಕ್ಷ ಬ್ಯಾರಲ್. 2019ಕ್ಕ 1 ಕೋಟಿ 20 ಲಕ್ಷದ ಮ್ಯಾಲೆ. ಗ್ಯಾಸಿನ ದರ 2008ರಾಗ 8 ಡಾಲರಿನ ಮ್ಯಾಲಿತ್ತು, 2012ಕ್ಕ 3ರ ಕೆಳಗ. ಕಲ್ಲಿದ್ದಲಿನ ವಿದ್ಯುತ್ತು ಅಲ್ಲಿ ಅರ್ಧ ಇದ್ದದ್ದು ಈಗ ಐದರಾಗ ಒಂದು ಪಾಲೂ ಇಲ್ಲ. ಹೊಗಿ ಕಡಿಮಿ ಆಗಿಲ್ಲೇನು? ಮತ್ತ ಧಾರವಾಡದಾಗ ಪೈಪ್ ಗ್ಯಾಸು ಉರಸೂರು ಸುಮ್ನಿರ್ರಿ. ಅಮೆರಿಕದ ಎಲ್‌ಎನ್‌ಜಿ (ದ್ರವ ಮಾಡಿದ ನೈಸರ್ಗಿಕ ಗ್ಯಾಸು) ತುಂಬಿದ ಗೇಲ್ ಕಂಪನಿಯ ಮೊದಲ ಹಡಗು 2018ರ ಮಾರ್ಚ್ 30ಕ್ಕ ದಾಭೋಳಕ್ಕ ಬಂದೈತಿ. ದಾಭೋಳ–ಬೆಂಗಳೂರು ಕೊಳವಿ ಬೆಳಗಾವಿ, ಧಾರವಾಡ, ಗದಗ ಹಾದ ಹೋಗತೈತಿ. ನಿಮ್ಮ ಚಹಾದಾಗ ಶೇಲ್ ಗ್ಯಾಸಿನ ಪಾಲು ಐತಿ.

ಇಮ್ತಿಯಾಜ್ ಹಾವೇರಿ: ಹೊಗಿ ಕಡಿಮಿ ಆತು, ಸೋರಿಕಿ? ಮೀಥೇನು 20 ವರ್ಷದ ಲೆಕ್ಕದಾಗ ಇಂಗಾಲದ ಡೈಆಕ್ಸೈಡಿಗಿಂತ 80 ಪಟ್ಟು ಕಾವು ಹಿಡೀತೈತಿ. ವಾಲ್ವು, ಕಂಪ್ರೆಸರ್ ಸೀಲು, ಟ್ಯಾಂಕಿನ ಮುಚ್ಚಳ, ಇಲ್ಲೆಲ್ಲಾ ನಾಕೈದು ಪರ್ಸೆಂಟ್ ಹೋದ್ರ ಕಲ್ಲಿದ್ದಲು ಬಿಟ್ಟು ಗಳಿಸಿದ್ದು ಆ 20 ವರ್ಷದಾಗ ಹೆಚ್ಚುಕಡಿಮಿ ಕರಗಿ ಹೋಗತೈತಿ.

ಶೈಲಾ: ಅಲ್ಲಿ ನಿನ್ನ ಮಾತು ಸರಿ. ನನ್ನ ಕಡಿಂದ ಇನ್ನೊಂದು: ಶೇಲ್ ಬಾವಿ ಮೊದಲನೇ ವರ್ಷದಾಗ ಶೇಕಡಾ 60–70 ಇಳೀತೈತಿ. ಉತ್ಪಾದನೆ ಹಂಗ ಇರಬೇಕಂದ್ರ ಹೊಸಾ ಬಾವಿ ಕೊರಕೋತ ಇರಬೇಕು. ಅಷ್ಟು ಜಾಗ, ನೀರು, ರಿಗ್ಗು ಟೆಕ್ಸಾಸಿಗೆ ಐತಿ. ಭೂಮಾಲೀಕಗ ಕೆಳಗಿನ ತೈಲದಾಗೂ ಪಾಲು ಸಿಗತೈತಿ. ನಮ್ಮಲ್ಲಿ ಅದು ಸರಕಾರದ್ದು, ರೈತಗ ಸಿಗೂದು ಧೂಳು. 2013ರಾಗ ಶೇಲ್ ನೀತಿ ಬಂತು, ಓಎನ್‌ಜಿಸಿ ಖಂಬಾತ್, ಕಾವೇರಿ, ಕೃಷ್ಣಾ–ಗೋದಾವರಿ ಕಡೆ ಕೊರೆದು ನೋಡಿತು, ದೊಡ್ಡ ಉತ್ಪಾದನೆ ಆಗಲಿಲ್ಲ. ಬಾಡಮೇರಿನ ಆಳದ ಗ್ಯಾಸಿಗೆ ಫ್ರ್ಯಾಕಿಂಗ್ ಚಲೋ ನಡದೈತಿ, ಆದ್ರ ಅದು ಶೇಲ್ ಅಲ್ಲ. ಕಾವೇರಿ ಭತ್ತದ ಬಯಲಿನ್ಯಾಗ ಮಾಡ್ತೀನಿ ಅಂದ್ರ ನಾನೂ ಬ್ಯಾಡ ಅಂತೀನಿ.

ಇಮ್ತಿಯಾಜ್ ಹಾವೇರಿ: ಸ್ಕ್ರೀನ್‌ಶಾಟ್ ತಗೊಂಡೆ.

ಶೈಲಾ: ತಗೊ. ಎಲ್ಲೂ ಬ್ಯಾಡ ಅಂದ್ರ ಒಪ್ಪೂದಿಲ್ಲ ಅಂತಾನೂ ಅದರ ಕೆಳಗ ಬರಿ.

ಕುಲಕರ್ಣಿ ಸರ್: ಫ್ರ್ಯಾಕಿಂಗ್ ನೀರು ಗಟ್ಟಿ ಮಾಡಾಕ ಬಳಸೂ ನಮ್ಮ ಚವಳಿಕಾಯಿ (ಗೋರಿಕಾಯಿ) ಮರತ್ರಲ್ಲ. ಅದರ ಬೀಜದ ಗೋಂದು ಸಾವಿರ ಲೀಟರ್ ನೀರಿಗೆ ಮೂರ್ನಾಕು ಕಿಲೋ ಹಾಕಿದ್ರ ಗಂಜಿ ಆಗ್ತದ. ಬೋರೇಟ್ ಹಾಕಿ ಸ್ವಲ್ಪ ಕ್ಷಾರ ಮಾಡಿದ್ರ ಎತ್ತಿದ ಕಡ್ಡಿಗೆ ಜೋತುಬೀಳೂ ಲೋಳಿ. ಉಸುಕು ತಳ ಹಿಡಿಯದಂಗ ಹೊತ್ತೊಯ್ತದ. ಆಮ್ಯಾಲೆ ಪರ್ಸಲ್ಫೇಟ್ ಅದನ್ನ ಮತ್ತ ನೀರು ಮಾಡಬೇಕು, ಮಾಡದಿದ್ರ ಲೋಳಿನೇ ಬಿರಕಿಗೆ ಬೂಚು. 2012ರಾಗ ರಾಜಸ್ಥಾನದಾಗ ಆ ಬೀಜದ ದರ ಹುಚ್ಚೆದ್ದು, ಮಾರ್ಚಿನ್ಯಾಗ ವಾಯಿದಾ ವ್ಯಾಪಾರಾನೇ ನಿಲ್ಲಿಸಿದ್ರು.

ವಿನಯ: ಸರ್, ನಮ್ಮ ಮನ್ಯಾಗ ಶೇಂಗಾಪುಡಿ ಹಾಕಿ ಪಲ್ಯಾ ಮಾಡ್ತಾರ, ಅಲ್ಲೂ ಲೋಳಿ.

ಬಸು ಗದಗ: ಎಲ್ಲಾ ಕೇಳಿದೆ. ಈಗ ಊರಿಗೆ ಏನ ಹೇಳಲಿ? ಲಾರಿ ಬರಲೋ ಬ್ಯಾಡೋ?

ಇಮ್ತಿಯಾಜ್ ಹಾವೇರಿ: ಬರಲಿ. ಆದ್ರ ಮೊದಲ ಇಷ್ಟು ಕೇಳು. ಕೇಸಿಂಗ್ ಎಷ್ಟು ಫೂಟು, ಅದು ಗಟ್ಟಿ ಕಲ್ಲಿನ್ಯಾಗ ಕೂತೈತೋ ಇಲ್ಲೋ. ಮ್ಯಾಲಿನ ಮೆತ್ತನ ಕಲ್ಲಿನ್ಯಾಗ ಪ್ಯಾಕರ್ ಕೂಡಿಸಿದ್ರ ಗ್ವಾಡಿ ಕುಸದು ಪ್ಯಾಕರ್ರೂ ಹೋಗತೈತಿ, ಬೋರೂ ಹೋಗತೈತಿ. ಸಂಡಾಸಿನ ಗುಂಡಿಯ ಹೊಲಸು ಬೋರಿಗೆ ದಾರಿ ಮಾಡಕೊಳ್ಳೂದೂ ಹಂಗ. ಒತ್ತಾಕ ಕೆರಿ ನೀರು ಬ್ಯಾಡ, ಕ್ಲೋರಿನ್ ಹಾಕಿದ ಸ್ವಚ್ಛ ನೀರು ಬೇಕು. ಮೊದಲ ಎಷ್ಟಿಂಚು ನೀರು ಬರ್ತಿತ್ತು ಬರದ ಇಡಸು, ಇಲ್ಲಾಂದ್ರ ಆಮ್ಯಾಲೆ ಎಲ್ಲಾರೂ ‘ಹೆಚ್ಚಾತು’ ಅಂತಾರ. ಮುಗದ ಮ್ಯಾಲ ಫ್ಲೋರೈಡ್ ಪರೀಕ್ಷೆ ಕಡ್ಡಾಯ. ಮುಂಡರಗಿ ಕಡೆ ಅದ ದೊಡ್ಡ ಸಮಸ್ಯೆ. ಹೊಸಾ ಬಿರಕಿನ ನೀರು ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ರ ಕುಡಿಯಾಕ ಬ್ಯಾಡ.

ಶೈಲಾ: ಕೇಸಿಂಗ್ ಪ್ರಶ್ನೆ ಮೊದಲ ಕೇಳು. ಇದರಾಗ ನಾನೂ ಇಮ್ತಿಯಾಜೂ ಒಂದ.

ಬಸು ಗದಗ: *ಈ ಸಂದೇಶವನ್ನು ಅಳಿಸಲಾಗಿದೆ*

ಬಸು ಗದಗ: ಫಾರ್ವರ್ಡ್ ತಗದೆ. ಪಂಚಾಯಿತಿಗೆ ಫೋನ್ ಹಚ್ಚಿದ್ದೆ. ಕೇಸಿಂಗ್ ಎಷ್ಟು ಫೂಟು ಅಂತ ಯಾರಿಗೂ ಗೊತ್ತಿಲ್ಲ. ಕೊರದಾವ ತಮಿಳುನಾಡಿನಾವ, ಬಿಲ್ಲಿನ್ಯಾಗ ಒಟ್ಟು ಆಳ ಅಷ್ಟ ಬರದಾನಂತ.

ಇಮ್ತಿಯಾಜ್ ಹಾವೇರಿ: ಹಂಗಾರ ನಾಡಿದ್ದು ಬ್ಯಾಡ ಅನ್ನು. ಮೊದಲ ಮೋಟಾರ ಎತ್ತಿಸಿ ಕ್ಯಾಮೆರಾ ಇಳಸಲಿ. ಕೇಸಿಂಗಿನ ತುದಿ ಕಂಡ ಮ್ಯಾಲ ಲಾರಿ.